ಹಿಂದಿನ ಮಗು ಕಾರಣ ತಿಳಿಯದೆ ತೀರಿಕೊಂಡಿದ್ದರೆ ಮುಂದಿನ ಹೆರಿಗೆಗೆ ಮುನ್ನ ಏನೇನು ಸಿದ್ಧತೆ ಬೇಕು?

ಬೆಟಗೇರಿ ಅಣ್ಣ, ಗದಗ

ನನ್ನ ತಂಗಿಗೆ ಈಗ ಎಂಟು ತಿಂಗಳು ತುಂಬಿದ್ದು, ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಆಕೆಯ ಚೊಚ್ಚಲ ಗಂಡುಮಗು ಹುಟ್ಟಿದಾಗ ತೂಕವೂ ಸರಿಯಿತ್ತು, ಹಾಲನ್ನೂ ಚೆನ್ನಾಗಿ ಕುಡಿಯುತ್ತಿತ್ತು. ಎರಡನೆಯ ತಿಂಗಳಿನಿಂದ ಬಾಯಿಯೊಳಗೆ ಒರೆಸಿದರೂ ಹೋಗದ ಬಿಳಿ ಪದರ, ನಿಲ್ಲದ ಭೇದಿ, ಒಂದು ವಾಸಿಯಾಗುವಷ್ಟರಲ್ಲಿ ಇನ್ನೊಂದು ನ್ಯುಮೋನಿಯಾ ಶುರುವಾದವು. ತೋಳಿಗೆ ಹಾಕಿದ, ಕ್ಷಯ ತಡೆಯುವ ಬಿಸಿಜಿ ಲಸಿಕೆಯ ಗಾಯ ಮಾಯಲೇ ಇಲ್ಲ. ಅದೇ ಕಡೆಯ ಕಂಕುಳಲ್ಲಿ ಗಂಟೆದ್ದು ಕೀವಾಯಿತು. ಐದನೆಯ ತಿಂಗಳಲ್ಲಿ ಮಗು ಹೋಯಿತು. ಆಸ್ಪತ್ರೆಯ ಸಮರಿಯಲ್ಲಿ ‘ಸೆಪ್ಸಿಸ್ (ರಕ್ತಕ್ಕೆ ನಂಜು), ಅಪೌಷ್ಟಿಕತೆ’ ಎಂದಷ್ಟೇ ಬರೆದಿದ್ದಾರೆ.

ತಂಗಿಯನ್ನು ನಮ್ಮ ಸೋದರಮಾವನಿಗೇ ಕೊಟ್ಟಿದ್ದೇವೆ. ನಮ್ಮ ತಾಯಿಯ ಇನ್ನೊಬ್ಬ ತಮ್ಮನೂ ಕೂಸಾಗಿದ್ದಾಗಲೇ ತೀರಿಕೊಂಡನೆಂದು ಅಜ್ಜಿ ಹೇಳುತ್ತಾರೆ. ಒಬ್ಬ ವೈದ್ಯರು ಹೆದರುವ ಕಾರಣವಿಲ್ಲ ಎಂದರು; ಇನ್ನೊಬ್ಬರು ರೋಗನಿರೋಧಕ ಶಕ್ತಿಯ ಹುಟ್ಟು ದೋಷ ಇದ್ದಿರಬಹುದು ಎಂದು ಹೇಳಿ, ಮುಂದೇನು ಮಾಡಬೇಕೆಂಬುದನ್ನು ಹೇಳದೆ ಕಳಿಸಿದರು. ಹೆರಿಗೆಯ ದಿನ ನಾವು ಯಾರಿಗೆ ಏನು ಹೇಳಬೇಕು, ಯಾವ ಪರೀಕ್ಷೆ ಮಾಡಿಸಬೇಕು, ಎಲ್ಲಿಗೆ ಹೋಗಬೇಕು? ತಿಳಿದವರು ದಯವಿಟ್ಟು ತಿಳಿಸಿ.

ನರಗುಂದದ ಓದುಗ

ಸಂಬಂಧದಲ್ಲಿ ಮದುವೆ ಮಾಡಬೇಡಿ ಎಂದು ಎಷ್ಟು ಹೇಳಿದರೂ ನಮ್ಮ ಕಡೆಯ ಜನ ಕೇಳುವುದಿಲ್ಲ. ಹೊಲ-ಮನೆ ಹೊರಗೆ ಹೋಗಬಾರದೆಂದು ಅಕ್ಕನ ಮಗಳನ್ನೇ ತಂದುಕೊಳ್ಳುತ್ತಾರೆ, ಅದರ ಫಲವನ್ನು ಕೂಸುಗಳು ಉಣ್ಣುತ್ತವೆ. ಇದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ.

ಕೆಲಗೇರಿಯ ತಾಯಿ, ಧಾರವಾಡ

ಎಂಟು ತಿಂಗಳ ಬಸುರಿ ಮನೆಯಲ್ಲಿರುವಾಗ ಆಗಿಹೋದ ಮದುವೆಯನ್ನು ಬೈದು ಪ್ರಯೋಜನವೇನು? ಅವರು ಕೇಳಿದ್ದು ಮುಂದೇನು ಎಂದು. ನಾನು ಮತ್ತು ನನ್ನ ಪತಿ ಸಂಬಂಧಿಕರಲ್ಲ, ಬೇರೆ ಬೇರೆ ಜಿಲ್ಲೆಯವರು. ನಮ್ಮ ಮಗನಿಗೂ ಇಂಥದೇ ಗುಂಪಿನ ರೋಗವಿದೆ. ಬೆಟಗೇರಿ ಅಣ್ಣಾ, ಮಗು ಹುಟ್ಟುವ ಮೊದಲೇ ನೀವು ಕೇಳಿದಿರಿ, ಅದೇ ದೊಡ್ಡದು. ವೈದ್ಯರು ಯಾರಾದರೂ ಉತ್ತರಿಸುವವರೆಗೆ ಹಳೆಯ ಕಾಗದಪತ್ರಗಳನ್ನೆಲ್ಲ ಒಟ್ಟು ಮಾಡಿಡಿ. ಒಂದು ಚೀಟಿಯನ್ನೂ ಎಸೆಯಬೇಡಿ.

ವಿದ್ಯಾನಗರದ ಮಕ್ಕಳ ವೈದ್ಯ, ಹುಬ್ಬಳ್ಳಿ

ನೀವು ಬರೆದ ಲಕ್ಷಣಗಳೆಲ್ಲ ಒಂದೇ ಕಡೆ ಬೆರಳು ತೋರಿಸುತ್ತಿವೆ. ಎರಡು-ಮೂರು ತಿಂಗಳಲ್ಲೇ ಶುರುವಾಗುವ ಬಾಯಿಯ ಶಿಲೀಂಧ್ರ, ಬಿಡದ ಭೇದಿ, ಮರುಕಳಿಸುವ ನ್ಯುಮೋನಿಯಾ, ತೂಕ ಏರದಿರುವುದು ಮತ್ತು ಬಿಸಿಜಿ ಗಾಯ ಹರಡುವುದು, ಇವಿಷ್ಟೂ ಒಟ್ಟಿಗೆ ಬಂದಾಗ ‘ಸ್ಕಿಡ್’ ಎಂಬ ತೀವ್ರ ಸಂಯುಕ್ತ ಪ್ರತಿರಕ್ಷಾ ಕೊರತೆಯನ್ನು ಮೊದಲು ನೆನೆಯಬೇಕು. ಅಂಥ ಮಗುವಿನಲ್ಲಿ ಟಿ-ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಬೆಳೆಯುವುದೇ ಇಲ್ಲ. ಬಿಸಿಜಿ ಲಸಿಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ಬ್ಯಾಕ್ಟೀರಿಯಾ. ಆರೋಗ್ಯವಂತ ಮಗುವಿಗೆ ರಕ್ಷಣೆ ಕೊಡುವ ಅದೇ ಬ್ಯಾಕ್ಟೀರಿಯಾ ಈ ಮಗುವಿನ ಮೈಯೆಲ್ಲ ಹರಡಬಲ್ಲದು. ಈ ರೋಗವೇ ಎಂದು ನಾನು ಇಲ್ಲಿ ಕುಳಿತು ಖಚಿತವಾಗಿ ಹೇಳಲಾರೆ, ಆದರೆ ಮುಂದಿನ ಮಗುವಿಗೆ ಇದೇ ಇದೆ ಎಂದುಕೊಂಡೇ ಸಿದ್ಧತೆ ಮಾಡಿಕೊಳ್ಳಬೇಕು.

ಹೆರಿಗೆಗೆ ಮುನ್ನ ಮಾಡಬೇಕಾದದ್ದು ಇದು. ತಾಯಿ ಕಾರ್ಡಿನ ಮೇಲೆ, ಎದ್ದು ಕಾಣುವಂತೆ, ‘ಹಿಂದಿನ ಮಗು ಪ್ರತಿರಕ್ಷಾ ಕೊರತೆಯ ಶಂಕೆಯಲ್ಲಿ ಮೃತ, ಪರೀಕ್ಷೆಯ ವರದಿ ಬರುವವರೆಗೆ ಬಿಸಿಜಿ ಮತ್ತು ಬಾಯಿಯ ಪೋಲಿಯೊ ಹನಿ ಬೇಡ’ ಎಂದು ವೈದ್ಯರ ಕೈಯಲ್ಲಿ ಬರೆಸಿ ಸಹಿ ಹಾಕಿಸಿ. ಬಾಯಿಮಾತು ಸಾಲದು, ಏಕೆಂದರೆ ಹೆರಿಗೆಯ ಮರುದಿನ ಲಸಿಕೆ ಹಾಕಲು ಬರುವ ಸಿಬ್ಬಂದಿಗೆ ನಿಮ್ಮ ಕಥೆ ಗೊತ್ತಿರುವುದಿಲ್ಲ. ಹೆಪಟೈಟಿಸ್-ಬಿ ಲಸಿಕೆ ಜೀವಂತ ಲಸಿಕೆಯಲ್ಲ. ಅದನ್ನು ಹುಟ್ಟಿದ 24 ಗಂಟೆಯೊಳಗೆ ಕೊಡಿಸಲೇಬೇಕು. ಎಲ್ಲ ಲಸಿಕೆಯನ್ನೂ ನಿಲ್ಲಿಸಿಬಿಡುವುದು ಬೇರೊಂದು ಅಪಾಯಕ್ಕೆ ದಾರಿ. ರೋಟಾವೈರಸ್ ಹನಿಯೂ ಜೀವಂತ ಲಸಿಕೆಯೇ, ಆದರೆ ಅದು ಆರನೆಯ ವಾರದ ಮಾತು. ಅಷ್ಟರಲ್ಲಿ ವರದಿ ನಿಮ್ಮ ಕೈಯಲ್ಲಿರಬೇಕು.

ಇನ್ನು, ಮೊದಲ ಮಗುವಿನ ಹಳೆಯ ರಕ್ತಪರೀಕ್ಷೆಯ ಚೀಟಿಗಳಿದ್ದರೆ ಒಟ್ಟು ಬಿಳಿ ರಕ್ತಕಣ ಎಷ್ಟು, ಅದರಲ್ಲಿ ಲಿಂಫೋಸೈಟ್ ಶೇಕಡಾ ಎಷ್ಟು ಎಂಬುದನ್ನು ಇಲ್ಲಿ ಬರೆಯಿರಿ.

ಆರೋಗ್ಯ ನಿರೀಕ್ಷಕ (ನಿವೃತ್ತ), ಲಕ್ಷ್ಮೇಶ್ವರ

ಡಾಕ್ಟರರ ಬಗ್ಗೆ ಗೌರವವಿದೆ, ಆದರೆ ಇದನ್ನು ಸಾರ್ವಜನಿಕವಾಗಿ ಬರೆಯುವಾಗ ಎಚ್ಚರ ಬೇಕು. ನಾನು ಹಳ್ಳಿ ಹಳ್ಳಿ ತಿರುಗಿ ಲಸಿಕೆ ಹಾಕಿಸಿದವನು. ‘ಬಿಸಿಜಿ ಹಾಕಿಸಿದ್ದರಿಂದ ಕೂಸು ಸತ್ತಿತು’ ಎಂಬ ಮಾತು ಒಂದು ಓಣಿಯಲ್ಲಿ ಹುಟ್ಟಿದರೆ ಇಡೀ ಊರಿನ ತಾಯಂದಿರು ಅಂಗನವಾಡಿಯ ಕಡೆ ತಲೆ ಹಾಕುವುದಿಲ್ಲ. ಕ್ಷಯರೋಗ ನಮ್ಮ ನಡುವೆ ಇನ್ನೂ ಇದೆ, ಚಿಕ್ಕಮಕ್ಕಳ ಮಿದುಳಿಗೆ ಏರುವ ಕ್ಷಯವನ್ನು ತಡೆಯುವುದರಲ್ಲಿ ಬಿಸಿಜಿಯ ಪಾಲು ದೊಡ್ಡದು. ಅಪರೂಪದ ಒಂದು ರೋಗಕ್ಕಾಗಿ ನೂರಾರು ಮಕ್ಕಳ ಲಸಿಕೆ ತಪ್ಪಬಾರದು.

ವಿದ್ಯಾನಗರದ ಮಕ್ಕಳ ವೈದ್ಯ, ಹುಬ್ಬಳ್ಳಿ

ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ, ಸರ್. ನಾನು ಹೇಳಿದ್ದು ಈ ಮನೆಗೆ, ಮತ್ತು ಇಂಥದೇ ಸಾವು ಕಂಡ ಮನೆಗಳಿಗೆ ಮಾತ್ರ. ಮನೆತನದಲ್ಲಿ ಹೀಗೆ ಕೂಸುಗಳು ಹೋಗಿರದಿದ್ದರೆ ಬಿಸಿಜಿಯನ್ನು ಒಂದು ದಿನವೂ ಮುಂದೂಡಬಾರದು. ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಲ್ಲೇ ಬಿಸಿಜಿಯನ್ನು ಹುಟ್ಟಿದಾಗ, ಅಥವಾ ಒಂದು ವರ್ಷ ತುಂಬುವುದರೊಳಗೆ ಆದಷ್ಟು ಬೇಗ ಕೊಡಬಹುದೆಂದಿದೆ. ಆದ್ದರಿಂದ ಪರೀಕ್ಷೆ ಸರಿಯಾಗಿ ಬಂದ ಕೂಡಲೇ ಈ ಮಗುವಿಗೂ ಹಾಕಿಸಬಹುದು. ಕಳೆದುಕೊಳ್ಳುವುದು ಕೆಲವು ವಾರ ಮಾತ್ರ.

ಆರೋಗ್ಯ ನಿರೀಕ್ಷಕ (ನಿವೃತ್ತ), ಲಕ್ಷ್ಮೇಶ್ವರ

ಹಾಗಿದ್ದರೆ ಸರಿ. ಆಶಾ ಕಾರ್ಯಕರ್ತೆಗೂ ಒಂದು ಮಾತು ತಿಳಿಸಿಡಿ, ಇಲ್ಲದಿದ್ದರೆ ಆಕೆ ಬಾಕಿ ಪಟ್ಟಿಯಲ್ಲಿ ಹೆಸರು ಕಂಡು ಮನೆಗೇ ಬಂದು ಒತ್ತಾಯ ಮಾಡುತ್ತಾಳೆ. ಅದು ಅವಳ ಕರ್ತವ್ಯ.

ಬೆಟಗೇರಿ ಅಣ್ಣ, ಗದಗ

ಚೀಟಿಗಳು ಸಿಕ್ಕವು. ನಾಲ್ಕನೆಯ ತಿಂಗಳಲ್ಲಿ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಒಟ್ಟು ಬಿಳಿ ರಕ್ತಕಣ 7,200, ನ್ಯೂಟ್ರೋಫಿಲ್ ಶೇ. 81, ಲಿಂಫೋಸೈಟ್ ಶೇ. 11 ಎಂದಿದೆ. ಒಟ್ಟು ಎಣಿಕೆಯ ಮುಂದೆ ‘ನಾರ್ಮಲ್’ ಎಂದು ಬರೆದಿದ್ದಾರೆ.

ಪ್ರಯೋಗಾಲಯದ ಗೆಳತಿ, ಹುಬ್ಬಳ್ಳಿ

ನಾನು ಲ್ಯಾಬ್ ತಂತ್ರಜ್ಞೆ. ಈ ಚೀಟಿಯಲ್ಲಿ ನೋಡಬೇಕಾದ ಅಂಕಿ ಒಟ್ಟು ಎಣಿಕೆಯಲ್ಲ. 7,200ರ ಶೇ. 11 ಎಂದರೆ 792. ನಾಲ್ಕು ತಿಂಗಳ ಕೂಸಿನ ರಕ್ತದಲ್ಲಿ ದೊಡ್ಡವರಿಗಿಂತ ಹೆಚ್ಚು ಲಿಂಫೋಸೈಟ್ ಇರುತ್ತವೆ. ಎಳೆಗೂಸಿನಲ್ಲಿ ಅದು 3,000ಕ್ಕಿಂತ ಕೆಳಗಿದ್ದರೆ ಮುಂದಿನ ಪರೀಕ್ಷೆಗೆ ಕಳಿಸಬೇಕು. ಅನೇಕ ಲ್ಯಾಬುಗಳ ಯಂತ್ರ ಅಚ್ಚು ಹಾಕುವ ‘ಸಾಮಾನ್ಯ ಮಿತಿ’ ವಯಸ್ಕರದ್ದಾಗಿರುತ್ತದೆ, ಅದಕ್ಕೇ ಇದು ಕಣ್ಣು ತಪ್ಪುತ್ತದೆ. ಇದು ಗದಗಿನಲ್ಲೂ ಹಾವೇರಿಯಲ್ಲೂ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಸಾಮಾನ್ಯ ಪರೀಕ್ಷೆ, ಇದಕ್ಕೆ ದೊಡ್ಡ ಊರು ಬೇಕಿಲ್ಲ, ಗುಣಾಕಾರ ಮಾಡುವವರು ಬೇಕು.

ವಿದ್ಯಾನಗರದ ಮಕ್ಕಳ ವೈದ್ಯ, ಹುಬ್ಬಳ್ಳಿ

792 ಎಂಬ ಅಂಕಿ ಶಂಕೆಯನ್ನು ಬಹಳ ಬಲಪಡಿಸುತ್ತದೆ. ಹುಟ್ಟುವ ಮಗುವಿನ ಹೊಕ್ಕುಳಬಳ್ಳಿಯ ರಕ್ತದಲ್ಲೇ ಈ ಎಣಿಕೆಯನ್ನು ಮಾಡಿಸಿ, ಜೊತೆಗೆ ಫ್ಲೋ ಸೈಟೋಮೆಟ್ರಿ ಎಂಬ ಪರೀಕ್ಷೆಗೆ ಕಳಿಸಬೇಕು. ಟಿ, ಬಿ ಮತ್ತು ಎನ್‌ಕೆ ಎಂಬ ಮೂರು ಬಗೆಯ ಕಣಗಳು ಬೇರೆ ಬೇರೆಯಾಗಿ ಎಷ್ಟಿವೆಯೆಂದು ಅದು ತೋರಿಸುತ್ತದೆ. ಒಂದು ಎಚ್ಚರಿಕೆಯನ್ನೂ ಹೇಳಬೇಕು: ತಾಯಿಯ ಕಣಗಳು ಮಗುವಿನ ರಕ್ತಕ್ಕೆ ಸೇರಿ ಉಳಿದುಕೊಂಡಿದ್ದರೆ ಸ್ಕಿಡ್ ಇದ್ದರೂ ಎಣಿಕೆ ಸರಿಯಿರುವಂತೆ ಕಾಣಬಹುದು. ಆದ್ದರಿಂದ ಬರೀ ಎಣಿಕೆ ನೋಡಿ ನಿರಾಳರಾಗಬಾರದು.

ಇಷ್ಟು ಅವಸರ ಏಕೆಂದರೆ, ಈ ರೋಗಕ್ಕೆ ಅಸ್ಥಿಮಜ್ಜೆ ಕಸಿ ಇದೆ. 1968ರಲ್ಲೇ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಇಂಥ ಮಗುವಿಗೆ ಅಕ್ಕನ ಮಜ್ಜೆ ಕೊಟ್ಟು ಉಳಿಸಿದ್ದರು. 2014ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನದಲ್ಲಿ, ಮೂರೂವರೆ ತಿಂಗಳೊಳಗೆ ಕಸಿಯಾದ ಮಕ್ಕಳಲ್ಲಿ ಶೇ. 94ರಷ್ಟು ಮಂದಿ ಐದು ವರ್ಷದ ನಂತರವೂ ಬದುಕಿದ್ದರು. ಸೋಂಕು ಹತ್ತಿದ ಮೇಲೆ ಮಾಡಿದ ಕಸಿಯಲ್ಲಿ ಫಲಿತಾಂಶ ಅಷ್ಟು ಒಳ್ಳೆಯದಿರಲಿಲ್ಲ. ಕಸಿಯಾಗುವವರೆಗೆ ರಕ್ತ ಕೊಡಬೇಕಾಗಿ ಬಂದರೆ ವಿಕಿರಣಕ್ಕೆ ಒಡ್ಡಿದ ರಕ್ತವನ್ನೇ ಕೊಡಬೇಕು. ಇದನ್ನೂ ಕಾರ್ಡಿನಲ್ಲಿ ಬರೆಸಿ.

ಪ್ರಯೋಗಾಲಯದ ಗೆಳತಿ, ಹುಬ್ಬಳ್ಳಿ

ಸ್ಯಾಂಪಲ್ ಕಳಿಸುವವರಿಗೆ: ಫ್ಲೋ ಸೈಟೋಮೆಟ್ರಿಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ಬೇಕು, ಅದನ್ನು ಫ್ರಿಜ್ಜಿನಲ್ಲಿ ಇಡಬಾರದು, ಒಂದೆರಡು ದಿನದೊಳಗೆ ತಲುಪಬೇಕು. ಶನಿವಾರ ಸಂಜೆ ತೆಗೆದು ಕೊರಿಯರ್ ಕಚೇರಿಯಲ್ಲಿ ಭಾನುವಾರ ಕಳೆದ ರಕ್ತ ಕೆಲಸಕ್ಕೆ ಬರುವುದಿಲ್ಲ. ಹೆರಿಗೆಯ ದಿನವನ್ನು ಮೊದಲೇ ಗೊತ್ತುಮಾಡುವ ಅವಕಾಶ ಇದ್ದರೆ ವಾರದ ಆರಂಭದ ದಿನ ಒಳ್ಳೆಯದು.

ತಳಿಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ನರಗುಂದದವರ ಮಾತಿಗೆ ಒಂದು ತಿದ್ದುಪಡಿ. ಸ್ಕಿಡ್ ಎಂಬುದು ಒಂದೇ ಜೀನಿನ ರೋಗವಲ್ಲ. ಅದರ ಒಂದು ಮುಖ್ಯ ಬಗೆ ಎಕ್ಸ್ ವರ್ಣತಂತುವಿನ ಮೇಲಿರುವ ಜೀನಿನಿಂದ ಬರುತ್ತದೆ. ತಾಯಿ ವಾಹಕಳಾಗಿದ್ದರೆ ಗಂಡುಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ರೋಗ ಬರುವ ಸಂಭವವಿರುತ್ತದೆ, ತಂದೆ ಯಾರೇ ಆಗಿರಲಿ. ಬೆಟಗೇರಿಯವರ ತಾಯಿಯ ತಮ್ಮನೂ ಕೂಸಾಗಿದ್ದಾಗ ಹೋಗಿರುವುದರಿಂದ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಈ ಬಗೆ ಹರಿದು ಬಂದಿರುವ ಸಾಧ್ಯತೆ ಇದೆ. ಹಾಗಿದ್ದರೆ ತಂಗಿಯನ್ನು ದೂರದ ಬೀದರಿಗೆ ಕೊಟ್ಟಿದ್ದರೂ ಫಲ ಇದೇ ಆಗುತ್ತಿತ್ತು. ಇನ್ನೊಂದು ಬಗೆಯಲ್ಲಿ ತಂದೆ-ತಾಯಿ ಇಬ್ಬರೂ ದೋಷಯುಕ್ತ ಜೀನಿನ ಒಂದೊಂದು ಪ್ರತಿಯನ್ನು ಹೊತ್ತಿರಬೇಕು. ಆಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಗಂಡಾಗಲಿ ಹೆಣ್ಣಾಗಲಿ. ಸೋದರಮಾವ-ಸೊಸೆಯ ಮದುವೆಯಲ್ಲಿ ಇದು ಹೆಚ್ಚು, ಅದು ನಿಜ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಜೀನುಗಳಲ್ಲಿ ಸರಾಸರಿ ನಾಲ್ಕನೆಯ ಒಂದು ಪಾಲು ಸಮಾನವಾಗಿರುತ್ತದೆ, ಅತ್ತೆ-ಮಾವನ ಮಕ್ಕಳ ನಡುವೆ ಎಂಟನೆಯ ಒಂದು ಪಾಲು. ಈ ಮನೆಯಲ್ಲಿ ಎರಡರಲ್ಲಿ ಯಾವುದು ಎಂದು ತಿಳಿಯುವವರೆಗೆ ಯಾರನ್ನೂ ದೂಷಿಸಬೇಡಿ, ಸೊಸೆಯ ಕಾಲ್ಗುಣವನ್ನಂತೂ ಬೇಡವೇ ಬೇಡ.

ಮೊದಲ ಮಗುವಿನ ರಕ್ತವನ್ನು ಯಾರೂ ಕಾಯ್ದಿಟ್ಟಿರಲಿಕ್ಕಿಲ್ಲ. ಆದರೆ ಕಂಕುಳ ಗಂಟಿನಿಂದ ಸೂಜಿ ಹಾಕಿ ತೆಗೆದ ಸ್ಲೈಡು ಅಥವಾ ಬಯಾಪ್ಸಿಯ ಮೇಣದ ತುಂಡು ಆ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಇರಬಹುದು. ಅದರಿಂದಲೂ ಡಿಎನ್‌ಎ ತೆಗೆಯಲು ಪ್ರಯತ್ನಿಸಬಹುದು. ಅದಿಲ್ಲವಾದರೆ ದಂಪತಿಯ ರಕ್ತವನ್ನೇ ಎಕ್ಸೋಮ್ ಎಂಬ ಜೀನ್ ಪರೀಕ್ಷೆಗೆ ಈಗಲೇ ಕೊಡಿಸಿ, ಏಕೆಂದರೆ ವರದಿ ಬರಲು ವಾರಗಳು ಬೇಕು.

ನರಗುಂದದ ಓದುಗ

ಎಕ್ಸ್ ವರ್ಣತಂತುವಿನ ಮಾತು ನನಗೆ ಹೊಸದು, ತಿಳಿಸಿದ್ದಕ್ಕೆ ಧನ್ಯವಾದ. ಆದರೆ ಬಸಿರಿನಲ್ಲೇ ತಿಳಿಯುವ ವ್ಯವಸ್ಥೆ ಇಲ್ಲವೇ? ಭ್ರೂಣದ ಪರೀಕ್ಷೆ ಎಂದರೆ ಕಾನೂನುಬಾಹಿರ ಎಂದು ಸ್ಕ್ಯಾನಿಂಗ್ ಕೇಂದ್ರದವರು ಹೆದರಿಸುತ್ತಾರೆ.

ತಳಿಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ಕಾನೂನು ತಡೆದಿರುವುದು ಲಿಂಗ ಪತ್ತೆಯನ್ನು. ಪಿಸಿಪಿಎನ್‌ಡಿಟಿ ಕಾಯ್ದೆಯೇ ಆನುವಂಶಿಕ ಚಯಾಪಚಯ ರೋಗ (ದೇಹ ಆಹಾರವನ್ನು ಅರಗಿಸಿ ಬಳಸುವುದರಲ್ಲಿನ ದೋಷ) ಮತ್ತು ಲಿಂಗಸಂಬಂಧಿ ಆನುವಂಶಿಕ ರೋಗಗಳ ಪತ್ತೆಗೆ ನೋಂದಾಯಿತ ಕೇಂದ್ರಗಳಲ್ಲಿ ಪರೀಕ್ಷೆಗೆ ಅನುಮತಿ ಕೊಡುತ್ತದೆ. 11ರಿಂದ 13ನೆಯ ವಾರದ ಹೊತ್ತಿಗೆ ಮಾಸಿನ ಚೂರು ತೆಗೆದು, ಅಥವಾ 16ನೆಯ ವಾರದ ಮೇಲೆ ಗರ್ಭಜಲ ತೆಗೆದು ನೋಡುತ್ತಾರೆ. ಆದರೆ ಹುಡುಕಬೇಕಾದ ಜೀನ್ ಯಾವುದೆಂದು ಮೊದಲೇ ಗೊತ್ತಿರಬೇಕು. ಮೊದಲ ಮಗುವಿನ ಕಾರಣವನ್ನು ಪತ್ತೆ ಮಾಡದೆ ಬಿಟ್ಟರೆ ಎರಡನೆಯ ಬಸಿರಿನ ಈ ದಾರಿಯೂ ಮುಚ್ಚುತ್ತದೆ.

ರಾಣೇಬೆನ್ನೂರಿನ ಅಪ್ಪ, ಹಾವೇರಿ

ಪ್ರತಿರಕ್ಷೆಯ ರೋಗದ ಚರ್ಚೆಯಲ್ಲಿ ನಾನು ಚಯಾಪಚಯ ರೋಗದ ಮಗುವಿನ ತಂದೆಯಾಗಿ ಬರೆಯುತ್ತಿದ್ದೇನೆ, ಏಕೆಂದರೆ ‘ರಕ್ತಕ್ಕೆ ನಂಜಾಗಿದೆ’ ಎಂಬ ಒಂದೇ ಹಣೆಪಟ್ಟಿ ನಮ್ಮ ಮನೆಯಲ್ಲೂ ಮೊದಲ ಮಗುವನ್ನು ಕೊಂಡೊಯ್ದಿತು. ಆ ಕೂಸು ಮೂರನೆಯ ದಿನ ಹಾಲು ಬಿಟ್ಟಿತು, ಮಂಪರಾಯಿತು, ಸೆಟೆದುಕೊಂಡಿತು, ವಾರ ತುಂಬುವುದರೊಳಗೆ ಹೋಯಿತು. ಕಲ್ಚರಿನಲ್ಲಿ ಯಾವ ಬ್ಯಾಕ್ಟೀರಿಯಾವೂ ಬೆಳೆದಿರಲಿಲ್ಲ. ಎರಡನೆಯ ಮಗಳು ಹುಟ್ಟಿದಾಗ ಒಬ್ಬ ಕಿರಿಯ ವೈದ್ಯೆ ಹಳೆಯ ಕಾಗದ ಓದಿ, ಹಿಮ್ಮಡಿಯ ರಕ್ತದ ಹನಿಯನ್ನು ಕಾಗದದ ಮೇಲೆ ಒಣಗಿಸಿ ಚಯಾಪಚಯ ರೋಗಗಳನ್ನು ಹುಡುಕುವ ಟಿಎಂಎಸ್ ಪರೀಕ್ಷೆಗೆ ಕಳಿಸಿದರು. ಎಂಎಸ್‌ಯುಡಿ ಎಂದು ತಿಳಿಯಿತು. ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಮೂರು ಅಮೈನೋ ಆಮ್ಲಗಳನ್ನು ದೇಹ ಅರಗಿಸಲಾರದೆ ಅವು ಮಿದುಳಿಗೆ ವಿಷವಾಗುವ ರೋಗವದು.

ನಮ್ಮ ಕಡೆಯ ಊಟದಲ್ಲಿ ಇದನ್ನು ಸಂಭಾಳಿಸುವುದು ಹೇಗೆಂದು ಕೇಳುವವರಿಗಾಗಿ ಹೇಳುತ್ತೇನೆ. ಜೋಳದ ರೊಟ್ಟಿ ನನ್ನ ಮಗಳಿಗೆ ವರ್ಜ್ಯ, ಏಕೆಂದರೆ ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಅಕ್ಕಿ-ಗೋಧಿಗಿಂತ ಹೆಚ್ಚು. ಬೇಳೆ, ಹಾಲು, ಮೊಸರು, ಕಡಲೆಹಿಟ್ಟಿನ ಮಿರ್ಚಿ ಭಜಿ, ಶೇಂಗಾ ಚಟ್ನಿ ಯಾವುದೂ ಇಲ್ಲ. ಸಾಬೂದಾಣಿ, ಗೆಣಸು, ಸೋರೆಕಾಯಿ, ತೂಗಿದ ಅನ್ನ, ಮತ್ತು ಆ ಮೂರು ಅಮೈನೋ ಆಮ್ಲಗಳನ್ನು ತೆಗೆದು ತಯಾರಿಸಿದ ವಿಶೇಷ ಪುಡಿ, ಇಷ್ಟರಲ್ಲಿ ಅವಳ ದಿನ ನಡೆಯಬೇಕು. ಅಡುಗೆಮನೆಯ ಕಟ್ಟೆಯ ಮೇಲೆ ಗ್ರಾಂ ತೋರಿಸುವ ತಕ್ಕಡಿ ಇದೆ. ಅನ್ನವನ್ನು ಬೇಯಿಸುವ ಮುನ್ನ ಅಕ್ಕಿಯಾಗಿಯೇ ತೂಗುತ್ತೇವೆ, ಬೆಂದ ಮೇಲೆ ನೀರಿನ ತೂಕ ಸೇರಿ ಲೆಕ್ಕ ತಪ್ಪುತ್ತದೆ. ಬಂಧುಗಳು ಪ್ರೀತಿಯಿಂದ ಬಾಯಿಗಿಡುವ ಒಂದು ಧಾರವಾಡ ಪೇಢೆ ಪೂರ್ತಿ ಹಾಲಿನ ಪ್ರೋಟೀನು, ಅದನ್ನು ತಡೆಯುವುದೇ ನಮಗೆ ಎಲ್ಲಕ್ಕಿಂತ ಕಷ್ಟ.

ಜ್ವರ ಬಂದ ದಿನ ಇನ್ನೂ ಎಚ್ಚರ ಬೇಕು. ಊಟ ಬಿಟ್ಟಾಗ ದೇಹ ತನ್ನದೇ ಸ್ನಾಯುವನ್ನು ಕರಗಿಸುತ್ತದೆ, ಲ್ಯೂಸಿನ್ ಒಳಗಿನಿಂದಲೇ ಏರುತ್ತದೆ. ಅದಕ್ಕಾಗಿ ನಮ್ಮ ತಜ್ಞರು ಒಂದು ತುರ್ತು ಪತ್ರ ಬರೆದುಕೊಟ್ಟಿದ್ದಾರೆ: ರೋಗದ ಹೆಸರು, ಕೂಡಲೇ ಶೇ. 10ರ ಗ್ಲುಕೋಸ್ ಡ್ರಿಪ್ ಲವಣಗಳೊಂದಿಗೆ ಶುರು ಮಾಡಬೇಕೆಂಬುದು, ಸಾಧಾರಣ ಪ್ರೋಟೀನನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೆಂಬುದು, ಕರೆ ಮಾಡಬೇಕಾದ ಸಂಖ್ಯೆ. ಅದನ್ನು ಲ್ಯಾಮಿನೇಟ್ ಮಾಡಿಸಿ ಶಾಲೆಯ ಚೀಲದಲ್ಲೂ ಇಟ್ಟಿದ್ದೇವೆ. ರಾತ್ರಿ ಎರಡು ಗಂಟೆಗೆ ಡ್ಯೂಟಿಯಲ್ಲಿರುವ ವೈದ್ಯರು ಈ ರೋಗವನ್ನು ಹಿಂದೆಂದೂ ನೋಡಿರದಿದ್ದರೂ ಆ ಹಾಳೆ ನೋಡಿ ಡ್ರಿಪ್ ಹಾಕುತ್ತಾರೆ.

ಶಿರಹಟ್ಟಿಯ ಸೊಸೆ

ಈ ರೋಗದ ಮಕ್ಕಳ ಮೂತ್ರ ಮೆಂತ್ಯದ ವಾಸನೆ ಬರುತ್ತದೆಯೆಂದು ಓದಿದ್ದೆ. ನನ್ನ ಬಾಣಂತನದಲ್ಲಿ ಅತ್ತೆ ಮೆಂತ್ಯದ ಉಂಡಿ ಕೊಡುತ್ತಿದ್ದಾಗ ಕೂಸಿನ ಬಟ್ಟೆಯೂ ಅದೇ ವಾಸನೆ ಬರುತ್ತಿತ್ತು. ಮಗು ಈಗ ಚೆನ್ನಾಗಿದೆ, ಆದರೂ ಕೇಳುತ್ತೇನೆ.

ವಿದ್ಯಾನಗರದ ಮಕ್ಕಳ ವೈದ್ಯ, ಹುಬ್ಬಳ್ಳಿ

ಒಳ್ಳೆಯ ಪ್ರಶ್ನೆ ಕೇಳಿದಿರಿ, ಅಕ್ಕಾ. ಆ ವಾಸನೆಗೆ ಕಾರಣವಾದ ಸೋಟೊಲೋನ್ ಎಂಬ ಪದಾರ್ಥ ಮೆಂತ್ಯದಲ್ಲೂ ಇದೆ, ಈ ರೋಗದ ಮಕ್ಕಳ ಮೂತ್ರದಲ್ಲೂ ಇದೆ. ಮೆಂತ್ಯ ತಿಂದ ತಾಯಂದಿರ ಆರೋಗ್ಯವಂತ ಕೂಸುಗಳಲ್ಲಿ ಈ ರೋಗದ ಶಂಕೆ ಬಂದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಲವಲವಿಕೆಯಿಂದ ಹಾಲು ಕುಡಿಯುವ ಮಗುವಿನ ವಾಸನೆಗೆ ಹೆದರಬೇಕಿಲ್ಲ. ಆದರೆ ವಾಸನೆಯ ಜೊತೆಗೆ ಮಂಪರು ಮತ್ತು ಹಾಲು ಬಿಡುವುದು ಸೇರಿದರೆ, ಮೆಂತ್ಯದಿಂದ ಇರಬಹುದೆಂದು ಸುಮ್ಮನಿರಬಾರದು.

ರಾಣೇಬೆನ್ನೂರಿನವರು ಬರೆದದ್ದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಮೊದಲ ವಾರದಲ್ಲಿ ‘ಸೆಪ್ಸಿಸ್’ ಎಂದು ದಾಖಲಾದ ಪ್ರತಿ ಮಗುವಿಗೂ ರಕ್ತದ ಗ್ಲುಕೋಸ್, ಬ್ಲಡ್ ಗ್ಯಾಸ್, ಲ್ಯಾಕ್ಟೇಟ್, ಅಮೋನಿಯ ಮತ್ತು ಮೂತ್ರದ ಕೀಟೋನ್ ನೋಡಬೇಕು. ಆ್ಯಂಟಿಬಯೋಟಿಕ್ ಕೊಡುತ್ತಲೇ ಇದನ್ನೂ ಮಾಡಬಹುದು. ಟಿಎಂಎಸ್ ಸರಿಯಾಗಿ ಬಂದಿತೆಂದು ಎಲ್ಲ ಚಯಾಪಚಯ ರೋಗವೂ ಇಲ್ಲವೆಂದು ತಿಳಿಯಬೇಡಿ. ಹಾಲಿನ ಸಕ್ಕರೆಯನ್ನು ದೇಹ ಬಳಸಲಾರದ ಗ್ಯಾಲಕ್ಟೋಸೀಮಿಯಾಕ್ಕೆ ಬೇರೆ ಪರೀಕ್ಷೆ ಇದೆ. ಅಂಥ ಮಗುವಿಗೆ ತಾಯಿಯ ಹಾಲೂ ಸೇರುವುದಿಲ್ಲ. ಅಮೋನಿಯವನ್ನು ಹೊರಹಾಕುವ ಯೂರಿಯಾ ಚಕ್ರದಲ್ಲಿ ಒಟಿಸಿ ಎಂಬ ಕಿಣ್ವದ ಕೊರತೆಯನ್ನು ಟಿಎಂಎಸ್ ನೆಚ್ಚುವಂತೆ ಹಿಡಿಯುವುದಿಲ್ಲ.

ಪ್ರಯೋಗಾಲಯದ ಗೆಳತಿ, ಹುಬ್ಬಳ್ಳಿ

ಅಮೋನಿಯದ ಬಗ್ಗೆ ಎಲ್ಲ 108 ಆಂಬುಲೆನ್ಸಿನಲ್ಲೂ ಅಂಟಿಸಬೇಕಾದ ಮಾತು: ರಕ್ತವನ್ನು ಪಟ್ಟಿ ಬಿಗಿಯಾಗಿ ಕಟ್ಟದೆ ತೆಗೆಯಿರಿ, ಟ್ಯೂಬನ್ನು ಕೂಡಲೇ ಮಂಜುಗಡ್ಡೆಯಲ್ಲಿಡಿ, ಅರ್ಧ ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಿ. ಹೊರಗೆ ಬಿಟ್ಟ ರಕ್ತದಲ್ಲಿ ಅಮೋನಿಯ ತಾನೇ ಏರಿ ಸುಳ್ಳು ಅಂಕಿ ಕೊಡುತ್ತದೆ. ಹಿಮ್ಮಡಿಯ ಹನಿಯನ್ನು ಮಗು ಹುಟ್ಟಿದ 48ರಿಂದ 72 ಗಂಟೆಯ ನಡುವೆ, ಹಿಮ್ಮಡಿಯ ಪಕ್ಕದ ಭಾಗದಿಂದ ತೆಗೆಯಬೇಕು. ಕಾರ್ಡನ್ನು ನೆರಳಿನಲ್ಲಿ ಮೂರು-ನಾಲ್ಕು ಗಂಟೆ ಮಲಗಿಸಿ ಒಣಗಿಸಬೇಕು. ಬಿಸಿಲಿನಲ್ಲಿ ಒಣಗಿಸಿದ ಅಥವಾ ಹಸಿಯಾಗಿಯೇ ಪ್ಲಾಸ್ಟಿಕ್ಕಿಗೆ ಹಾಕಿದ ಕಾರ್ಡು ವ್ಯರ್ಥ.

ಹಾನಗಲ್ಲಿನ ಚಿಕ್ಕಮ್ಮ

ಪ್ರತಿರಕ್ಷೆ ಒಂದು ಕಡೆ, ಚಯಾಪಚಯ ಇನ್ನೊಂದು ಕಡೆ ಎಂದು ನೀವೆಲ್ಲ ಬೇರೆ ಮಾಡಿ ಮಾತನಾಡುತ್ತಿದ್ದೀರಿ. ನಮ್ಮ ಅಕ್ಕನ ಮಗಳಿಗೆ ಎರಡೂ ಒಟ್ಟಿಗೆ ಇವೆ. ಗ್ಲೈಕೋಜನ್ ಸಂಗ್ರಹ ರೋಗದ 1-ಬಿ ಬಗೆ ಎನ್ನುತ್ತಾರೆ. ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ದೇಹ ಹೊರತೆಗೆಯಲಾರದು, ಆದ್ದರಿಂದ ನಾಲ್ಕೈದು ಗಂಟೆಗೊಮ್ಮೆ ಹಸಿ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕದಡಿ ಕುಡಿಸಬೇಕು, ರಾತ್ರಿಯೂ. ಅಂಗಡಿಯಲ್ಲಿ ಸಿಗುವ ಬಿಳಿ ಪಿಷ್ಟವೇ ಆಗಬೇಕು, ನಮ್ಮ ಹೊಲದ ಗೋವಿನಜೋಳ ಬೀಸಿದ ಹಿಟ್ಟು ಆಗುವುದಿಲ್ಲ. ಕುದಿಸಿದರೆ ಬೇಗ ಅರಗಿ ಉಪಯೋಗಕ್ಕೆ ಬಾರದಾಗುತ್ತದೆ. ಇದೇ ಮಗುವಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಡಿಮೆಯಾಗಿ ಬಾಯಿಹುಣ್ಣು, ಕುರು ನಿಲ್ಲುತ್ತಲೇ ಇರಲಿಲ್ಲ. ಒಂದು ವಿಭಾಗದವರು ಸಕ್ಕರೆ ನೋಡಿ ಕಳಿಸುತ್ತಿದ್ದರು, ಇನ್ನೊಂದು ವಿಭಾಗದವರು ಕುರು ನೋಡಿ ಕಳಿಸುತ್ತಿದ್ದರು. ಎರಡನ್ನೂ ಒಂದೇ ಚೀಟಿಯಲ್ಲಿ ಬರೆದವರು ಸಿಗುವವರೆಗೆ ರೋಗದ ಹೆಸರು ಸಿಗಲಿಲ್ಲ. ಈಗ ಮಧುಮೇಹದ ಎಂಪಾಗ್ಲಿಫ್ಲೋಜಿನ್ ಮಾತ್ರೆ ಕೊಡುತ್ತಿದ್ದಾರೆ, ಹುಣ್ಣು ಕಡಿಮೆಯಾಗಿದೆ.

ವಿದ್ಯಾನಗರದ ಮಕ್ಕಳ ವೈದ್ಯ, ಹುಬ್ಬಳ್ಳಿ

ಇದು ನಿಜವಾದ ಚಿಕಿತ್ಸೆಯೇ. ಈ ರೋಗದಲ್ಲಿ ನ್ಯೂಟ್ರೋಫಿಲ್ ಒಳಗೆ ಕೂಡಿಕೊಂಡು ಅದನ್ನು ಕೆಡಿಸುವ ಸಕ್ಕರೆಯಂಥ ಪದಾರ್ಥವೊಂದಿದೆ, ಆ ಮಾತ್ರೆ ಅದನ್ನು ಮೂತ್ರದ ಮೂಲಕ ಹೊರಹಾಕಿಸುತ್ತದೆ. ಆದರೆ ಸಕ್ಕರೆ ಕುಸಿಯುವ ರೋಗದ ಮಗುವಿಗೆ ಕೊಡುವ ಮಾತ್ರೆಯಾದ್ದರಿಂದ ಯಾರೂ ಇಲ್ಲಿ ಓದಿ ಸ್ವತಃ ಕೊಡಬೇಡಿ. ಸ್ಕಿಡ್‌ನಲ್ಲೂ ಒಂದು ಬಗೆ ಮೂಲತಃ ಚಯಾಪಚಯ ರೋಗವೇ: ಎಡಿಎ ಎಂಬ ಕಿಣ್ವವಿಲ್ಲದೆ ಕೂಡಿಕೊಳ್ಳುವ ವಿಷ ಲಿಂಫೋಸೈಟ್‌ಗಳನ್ನು ಕೊಲ್ಲುತ್ತದೆ. 1990ರಲ್ಲಿ ಜೀನ್ ಚಿಕಿತ್ಸೆಯನ್ನು ಮೊದಲು ಅನುಮೋದನೆ ಪಡೆದು ಪ್ರಯೋಗಿಸಿದ್ದು ಈ ರೋಗದ ಬಾಲಕಿಯ ಮೇಲೆ.

ಕುಂದಗೋಳದ ರೈತ

ಎಲ್ಲವೂ ಸರಿ. ಅಸ್ಥಿಮಜ್ಜೆ ಕಸಿ, ವಿಶೇಷ ಪುಡಿ, ಜೀನ್ ಪರೀಕ್ಷೆ ಎಂದೆಲ್ಲ ಬರೆಯುತ್ತಿದ್ದೀರಿ. ಮೆಣಸಿನಕಾಯಿ ಬೆಲೆ ಬಿದ್ದ ವರ್ಷ ಮಕ್ಕಳ ಫೀ ಕಟ್ಟಲು ಆಗದವರು ಇದನ್ನು ಹೇಗೆ ಮಾಡಿಸಬೇಕು? ಹಣದ ಮಾತನ್ನೂ ಬರೆಯಿರಿ.

ಕೆಲಗೇರಿಯ ತಾಯಿ, ಧಾರವಾಡ

ಅಣ್ಣಾ, ನಾನು ಆ ದಾರಿಯಲ್ಲಿ ನಡೆದವಳು, ತಿಳಿದಷ್ಟು ಹೇಳುತ್ತೇನೆ. ನನ್ನ ಮಗನಿಗೆ ಎಕ್ಸ್‌ಎಲ್‌ಎ ಇದೆ. ಬ್ರೂಟನ್ ಎಂಬ ವೈದ್ಯರು 1952ರಲ್ಲಿ ಮೊದಲು ವಿವರಿಸಿದ ರೋಗವಿದು. ಮೈಯಲ್ಲಿ ಪ್ರತಿಕಾಯಗಳೇ ತಯಾರಾಗುವುದಿಲ್ಲ. ತಾಯಿಯಿಂದ ಬಂದ ಪ್ರತಿಕಾಯ ಆರು ತಿಂಗಳವರೆಗೆ ಕಾಯುವುದರಿಂದ ಆಮೇಲೆ ಕಿವಿ ಸೋರುವುದು, ನ್ಯುಮೋನಿಯಾ ಶುರುವಾಗುತ್ತವೆ. ಗಂಟಲು ನೋಡಿದ ವೈದ್ಯರು ಇಷ್ಟು ಸೋಂಕಾದರೂ ಟಾನ್ಸಿಲ್ ಕಾಣುವುದೇ ಇಲ್ಲವಲ್ಲ ಎಂದು ಗಮನಿಸಿದ್ದರಿಂದ ರೋಗ ಸಿಕ್ಕಿತು. ಮೂರು-ನಾಲ್ಕು ವಾರಕ್ಕೊಮ್ಮೆ ಐವಿಐಜಿ, ಅಂದರೆ ರಕ್ತನಾಳಕ್ಕೆ ಕೊಡುವ ಪ್ರತಿಕಾಯ, ಹಾಕಿಸಬೇಕು, ಪ್ರತಿ ಕಿಲೋ ತೂಕಕ್ಕೆ 400ರಿಂದ 600 ಮಿಲಿಗ್ರಾಂ. ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆ. ಆದರೆ ಅವನು ಶಾಲೆಗೆ ಹೋಗುತ್ತಾನೆ, ಕ್ರಿಕೆಟ್ ಆಡುತ್ತಾನೆ.

ಕೇಂದ್ರ ಸರ್ಕಾರದ 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯಲ್ಲಿ ಮೂರು ಗುಂಪುಗಳಿವೆ. ಕಸಿಯಿಂದ ಒಮ್ಮೆಗೇ ವಾಸಿಯಾಗಬಲ್ಲ ಸ್ಕಿಡ್, ಸಿಜಿಡಿ, ವಿಸ್ಕಾಟ್-ಆಲ್ಡ್ರಿಚ್ ಎಂಬ ಪ್ರತಿರಕ್ಷೆಯ ರೋಗಗಳು ಮೊದಲ ಗುಂಪಿನಲ್ಲಿವೆ. ವಿಶೇಷ ಆಹಾರ ಬೇಕಾದ ಎಂಎಸ್‌ಯುಡಿ, ಪಿಕೆಯು ಎಂಬ ಚಯಾಪಚಯ ರೋಗಗಳು ಮತ್ತು ಐವಿಐಜಿ ಬೇಕಾದ ಎಕ್ಸ್‌ಎಲ್‌ಎ ಎರಡನೆಯದರಲ್ಲಿವೆ. ಜೀವನವಿಡೀ ದುಬಾರಿ ಔಷಧ ಬೇಕಾದ ಗೋಶೆ ರೋಗದಂಥವು ಮೂರನೆಯದರಲ್ಲಿವೆ. 2022ರಿಂದ ಯಾವ ಗುಂಪಿಗೇ ಆಗಲಿ 50 ಲಕ್ಷ ರೂಪಾಯಿವರೆಗೆ ನೆರವು ಇದೆ. ಆ ಹಣ ನಮ್ಮ ಕೈಗೆ ಬರುವುದಿಲ್ಲ. ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಅಲ್ಲಿಯೇ ಚಿಕಿತ್ಸೆ ಪಡೆಯಬೇಕು. ನಮಗೆ ಹತ್ತಿರದ್ದು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯ ಜಂಟಿ ಕೇಂದ್ರ. ಮುಂಬೈನ ಕೆಇಎಂ ಆಸ್ಪತ್ರೆ ಇನ್ನೊಂದು. ಕೆಇಎಂ ಆವರಣದಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಇದೆ, ಪ್ರತಿರಕ್ಷಾ ಕೊರತೆಯ ಪರೀಕ್ಷೆಗಳಿಗೆ ದೇಶದಲ್ಲೇ ಹೆಸರಾದದ್ದು.

ರಾಣೇಬೆನ್ನೂರಿನ ಅಪ್ಪ, ಹಾವೇರಿ

50 ಲಕ್ಷ ಎಂದರೆ ಕಸಿಗೆ ಸಾಕಾಗಬಹುದು, ಆದರೆ ಮೂರನೆಯ ಗುಂಪಿನ ಮಗುವಿಗೆ ಅದು ಮುಗಿದುಹೋದ ಮೇಲೆ ಏನು ಗತಿ? ಈ ಮಿತಿಯನ್ನು ನಾನು ಒಪ್ಪುವುದಿಲ್ಲ. ಔಷಧದ ಬೆಲೆಯನ್ನೇ ಇಳಿಸುವುದು ಸರಿಯಾದ ದಾರಿ. 2023ರ ನವೆಂಬರಿನಲ್ಲಿ ಆರೋಗ್ಯ ಸಚಿವಾಲಯ ಪ್ರಕಟಿಸಿದಂತೆ, ಟೈರೋಸಿನೀಮಿಯಾ ಎಂಬ ಚಯಾಪಚಯ ರೋಗದ ಮೊದಲ ಬಗೆಗೆ ಕೊಡುವ ನಿಟಿಸಿನೋನ್ ಔಷಧಕ್ಕೆ ವರ್ಷಕ್ಕೆ 2.2 ಕೋಟಿ ರೂಪಾಯಿ ಆಗುತ್ತಿದ್ದದ್ದು ಭಾರತದಲ್ಲೇ ತಯಾರಾದ ಮೇಲೆ 2.5 ಲಕ್ಷಕ್ಕೆ ಇಳಿಯಿತು. ಒಂದು ಔಷಧದಲ್ಲಿ ಆದದ್ದು ಉಳಿದವುಗಳಲ್ಲಿ ಏಕೆ ಆಗಬಾರದು?

ತಳಿಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ಅದಕ್ಕಿಂತ ಮೊದಲು ತಪಾಸಣೆ ಬರಬೇಕು ಎಂಬುದು ನನ್ನ ವಾದ. 1980ರ ದಶಕದಲ್ಲೇ ನಮ್ಮ ರಾಜ್ಯದಲ್ಲಿ ಲಕ್ಷದಷ್ಟು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲದ ದೋಷಗಳಿಗಾಗಿ ಪರೀಕ್ಷಿಸಿದ್ದರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2008ರಲ್ಲಿ ಅದೇ ಒಣರಕ್ತದ ಹನಿಯಿಂದ ಸ್ಕಿಡ್ ಹುಡುಕಲು ಶುರು ಮಾಡಿತು. ಆನುವಂಶಿಕ ರೋಗಗಳಿಗಾಗಿ ಕೇಂದ್ರ ಸರ್ಕಾರ ತಂದ ‘ಉಮ್ಮೀದ್’ ಯೋಜನೆ 2019ರಲ್ಲಿ ಆರಂಭವಾದಾಗ ನಮ್ಮ ರಾಜ್ಯದಿಂದ ಯಾದಗಿರಿಯನ್ನು ಆರಿಸಿಕೊಂಡಿದ್ದರು. ಹುಬ್ಬಳ್ಳಿಯಂಥ ವೈದ್ಯಕೀಯ ಕೇಂದ್ರವಿರುವ ಧಾರವಾಡ, ಗದಗ, ಹಾವೇರಿ ಈ ಮೂರು ಜಿಲ್ಲೆಗಳಿಗೂ ಒಂದು ತಳಿ ಸಮಾಲೋಚನಾ ಘಟಕ ಬೇಕು ಎಂದು ಕೇಳುವ ಹಕ್ಕು ನಮಗಿದೆ.

ಶಿರಹಟ್ಟಿಯ ಸೊಸೆ

ವಿಶೇಷ ಪುಡಿಯನ್ನು ಹೊರದೇಶದಿಂದ ತರಿಸುವಾಗ ಸುಂಕ ಎಷ್ಟಾಗುತ್ತದೆ? ನಮ್ಮ ಪರಿಚಯದ ಒಬ್ಬರು ಪಾರ್ಸೆಲ್ ಬಿಡಿಸಿಕೊಳ್ಳಲು ಪರದಾಡುತ್ತಿದ್ದಾರೆ.

ಔಷಧ ವ್ಯಾಪಾರಿ, ಹುಬ್ಬಳ್ಳಿ

2023ರ ಏಪ್ರಿಲ್ 1ರಿಂದ, ಆ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿರುವ ರೋಗಗಳಿಗೆ ಸ್ವಂತ ಬಳಕೆಗಾಗಿ ತರಿಸುವ ಔಷಧ ಮತ್ತು ವಿಶೇಷ ವೈದ್ಯಕೀಯ ಆಹಾರಕ್ಕೆ ಮೂಲ ಕಸ್ಟಮ್ಸ್ ಸುಂಕ ಪೂರ್ತಿ ಮಾಫಿ ಇದೆ. ಅದಕ್ಕೆ ಪ್ರಮಾಣಪತ್ರ ಬೇಕು; ಕೇಂದ್ರ ಅಥವಾ ರಾಜ್ಯದ ಆರೋಗ್ಯ ಸೇವೆಗಳ ನಿರ್ದೇಶಕರು, ಇಲ್ಲವೇ ಜಿಲ್ಲಾ ವೈದ್ಯಾಧಿಕಾರಿ ಅಥವಾ ಸಿವಿಲ್ ಸರ್ಜನ್ ಅದನ್ನು ಕೊಡಬಹುದು. ಆದ್ದರಿಂದ ಬೆಂಗಳೂರಿಗೆ ಹೋಗುವ ಮುನ್ನ ನಿಮ್ಮ ಜಿಲ್ಲೆಯಲ್ಲೇ ಕೇಳಿ. ತಜ್ಞರ ಚೀಟಿಯಲ್ಲಿ ರೋಗದ ಹೆಸರು ನೀತಿಯ ಪಟ್ಟಿಯಲ್ಲಿ ಇರುವಂತೆಯೇ ಇರಲಿ, ಪುಡಿಯ ಹೆಸರೂ ಡಬ್ಬಿಯ ಮೇಲಿರುವಂತೆಯೇ ಇರಲಿ, ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಪಾರ್ಸೆಲ್ ನಿಲ್ಲಿಸಲು ಅದೇ ಕಾರಣವಾಗುತ್ತದೆ. ಪಾರ್ಸೆಲ್ ಹೊರಡುವ ಮೊದಲೇ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಲು ಅವರಿಗೆ ಹೇಳಿ.